ಕರುವಿನ ಹೊಟ್ಟೆಗೆ ಮೊದಲು ಇಳಿದದ್ದು

ಹಸು ಈದ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಹೆಪ್ಪಿನ ಹಂಗಿಲ್ಲದೆ ಗಿಣ್ಣು ಕೂರುತ್ತದೆ. ಮೊದಲ ಸಲ ಕರೆದ ಹಾಲಾದರೆ ಮಾಮೂಲಿ ಹಾಲನ್ನು ಧಾರಾಳವಾಗಿ ಬೆರೆಸಬೇಕು, ಇಲ್ಲವಾದರೆ ಗಿಣ್ಣು ತಿನ್ನಲಾರದಷ್ಟು ಗಡುಸಾಗುತ್ತದೆ. ಮಾರನೆಯ ದಿನದ ಹಾಲಿಗೆ ಅಷ್ಟು ಬೆರಕೆ ಬೇಡ. ನಾಲ್ಕಾರು ದಿನ ಕಳೆದರೆ ಆ ಹಾಲು ಕೂರುವ ಗುಣವನ್ನೇ ಕಳೆದುಕೊಂಡಿರುತ್ತದೆ. ಕರ್ನಾಟಕದ ಅಡುಗೆಮನೆಗಳಿಗೆ ತಲೆಮಾರುಗಳಿಂದ ಗೊತ್ತಿರುವ ಈ ಇಳಿಕೆಗೆ ಕಾರಣ ಮೊದಲ ಹಾಲಿನಲ್ಲಿ ಕಿಕ್ಕಿರಿದು ನಂತರ ಬೇಗ ಕರಗುವ ಪ್ರೋಟೀನುಗಳು. ಅವುಗಳಲ್ಲಿ ದೊಡ್ಡ ಪಾಲು ಗ್ಲಾಬ್ಯುಲಿನ್‌ಗಳದ್ದು. ಬಿಸಿ ತಾಗಿದಾಗ ಗಟ್ಟಿಯಾಗುವ ಇವೇ, ಹಸಿಯಾಗಿದ್ದಾಗ ಕರುವಿನ ಜೀವ ಕಾಯುವ ಪ್ರತಿಕಾಯಗಳು. ದಿನದಿಂದ ದಿನಕ್ಕೆ ಗಿಣ್ಣು ಸಡಿಲವಾಗುವುದೆಂದರೆ ಕರುವಿಗೆ ಸಿಗಬೇಕಾದ ರಕ್ಷಣೆಯೂ ತೆಳುವಾಗುತ್ತಿದೆ ಎಂದರ್ಥ. ಪಾತ್ರೆಯಲ್ಲಿ ಇಷ್ಟು ಕಣ್ಣಿಗೆ ಕಾಣುವ ಸಂಗತಿಯನ್ನು ಕರುವಿನ ಸಾವು ಬದುಕಿಗೆ ಜೋಡಿಸಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಕರು ಸಾಕುವ ವಿದ್ಯೆಯ ಚರಿತ್ರೆಯನ್ನು ನೋಡಿದರೆ ಜನ ಪದೇ ಪದೇ ಕೇಳಿದ್ದು ಯಾವ ಹಾಲು, ಯಾವ ರೋಗಾಣು, ಯಾವ ಔಷಧ ಎಂಬ ಪ್ರಶ್ನೆಗಳನ್ನು. ಕರುವಿನ ಹಣೆಬರಹವನ್ನು ಬಹುಮಟ್ಟಿಗೆ ಬರೆಯುತ್ತಿದ್ದದ್ದು ಹೊತ್ತು. ಅದರ ಹೊಟ್ಟೆಗೆ ಯಾವುದು ಮೊದಲು ಇಳಿಯಿತು, ಎಷ್ಟು ಬೇಗ ಇಳಿಯಿತು ಎಂಬುದು. ಈ ಪ್ರಶ್ನೆಯನ್ನು ಸಂಪ್ರದಾಯವೂ ತಪ್ಪಿಸಿಕೊಂಡಿತು, ಪ್ರಯೋಗಾಲಯವೂ ಒಮ್ಮೆ ಕಂಡು ಮತ್ತೆ ಕೈಬಿಟ್ಟಿತು ಎಂಬುದೇ ನನ್ನ ವಾದ.

ಮೊದಲ ಹಾಲಿನ ಮೇಲಿನ ಅನುಮಾನ ಬಹಳ ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಬೇಸಾಯದ ಬಗ್ಗೆ ದೊಡ್ಡ ಗ್ರಂಥ ಬರೆದ ರೋಮಿನ ಕೊಲುಮೆಲ್ಲಾ, ಕುರಿಮರಿಗೆ ಮೊಲೆ ಊಡಿಸುವ ಮುನ್ನ ಗಿಣ್ಣುಹಾಲನ್ನು ಸ್ವಲ್ಪ ಹಿಂಡಿ ಚೆಲ್ಲಬೇಕು, ಇಲ್ಲವಾದರೆ ಮರಿಗೆ ಕೇಡು ಎಂದು ಹೇಳುತ್ತಾನೆ. ಮುಂದಿನ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಮನುಷ್ಯರ ಶಿಶುಗಳಿಗೂ ತಾಯಿಯ ಮೊದಲ ಹಾಲು ಒಳ್ಳೆಯದಲ್ಲವೆಂದ. ಇಂಥ ನಂಬಿಕೆ ಯುರೋಪಿಗಷ್ಟೇ ಸೇರಿದ್ದಲ್ಲ. ನಮ್ಮಲ್ಲೂ ಹಸುಗೂಸಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ನೆಕ್ಕಿಸಿ, ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುತ್ತಿದ್ದ ಮನೆಗಳು ಕಡಿಮೆಯೇನಲ್ಲ. ಹದಿನೆಂಟನೆಯ ಶತಮಾನದ ಹೊತ್ತಿಗೆ ಯುರೋಪಿನ ವೈದ್ಯರು ಮೊದಲ ಹಾಲಿನ ಪರ ಮಾತಾಡತೊಡಗಿದರು. ಆದರೆ ಅವರು ಕೊಟ್ಟ ಕಾರಣ ಅದು ಹೊಟ್ಟೆ ತೊಳೆಯುತ್ತದೆ, ಹುಟ್ಟುವಾಗ ಕರುಳಲ್ಲಿರುವ ಕಪ್ಪು ಮಲವನ್ನು ಹೊರಹಾಕುತ್ತದೆ ಎಂಬುದು. ಪಶುವೈದ್ಯದ ಪುಸ್ತಕಗಳೂ ಅದನ್ನೇ ಹೇಳಿದವು. ಆ ಮಾತು ಸುಳ್ಳಲ್ಲ, ಆದರೆ ಅದರಿಂದ ಒಂದು ನಷ್ಟವಾಯಿತು. ಗಿಣ್ಣುಹಾಲಿನ ಕೆಲಸ ಬರೀ ಭೇದಿ ಮಾಡಿಸುವುದಾದರೆ ಆ ಜಾಗದಲ್ಲಿ ಹರಳೆಣ್ಣೆ ಕೊಟ್ಟರೂ ನಡೆದೀತು, ಇವತ್ತಿನ ಬದಲು ನಾಳೆ ಕೊಟ್ಟರೂ ನಡೆದೀತು. ಬದಲಿ ಸಿಗುವ ವಸ್ತುವಿಗೆ ಅವಸರವಿರುವುದಿಲ್ಲ.

ಈ ಅರೆತಿಳಿವಳಿಕೆ ದುಬಾರಿಯಾದದ್ದು ಹೈನುಗಾರಿಕೆ ಉದ್ಯಮವಾದಾಗ. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರವನ್ನು ಬಳಕೆಗೆ ತಂದ. 1882ರಲ್ಲಿ ಡೆನ್ಮಾರ್ಕಿನ ಯೆಡಿಂಗ್ ಎಂಬಲ್ಲಿ ರೈತರ ಮೊದಲ ಸಹಕಾರಿ ಬೆಣ್ಣೆ ಕಾರ್ಖಾನೆ ಶುರುವಾಯಿತು. ಹಾಲೆಲ್ಲ ಕಾರ್ಖಾನೆಗೆ ಹೋಗಿ, ಕೆನೆ ತೆಗೆದ ಹಾಲು ಕ್ಯಾನಿನಲ್ಲಿ ವಾಪಸು ಬಂದು, ಬಕೆಟಿನಲ್ಲಿ ಕರುವಿನ ಬಾಯಿಗೆ ಸೇರುವ ಪದ್ಧತಿ ಬೆಳೆಯಿತು. ಹಲವು ಹಿಂಡುಗಳ ಹಾಲು ಒಂದೇ ಕಡೆ ಬೆರೆತು ಹಿಂದಿರುಗಿದಾಗ ಅದರ ಜೊತೆ ಕ್ಷಯವೂ ಊರೂರಿಗೆ ಹೋಯಿತು. ಅದನ್ನು ತಡೆಯಲು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಒಂದು ಕ್ರಮ ಹಾಕಿಕೊಟ್ಟ: ಕರುವನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರ್ಪಡಿಸಬೇಕು, ಮೊದಲ ದಿನ ತಾಯಿಯ ಗಿಣ್ಣುಹಾಲು, ಅನಂತರ ಕಾಯಿಸಿದ ಹಾಲು. ಮೊದಲ ದಿನಕ್ಕೆ ಕೊಟ್ಟ ಈ ರಿಯಾಯಿತಿಯನ್ನು ಗಮನಿಸಬೇಕು. ಗಿಣ್ಣುಹಾಲನ್ನು ಕಾಯಿಸಿದರೆ ಅದು ಗಡ್ಡೆ ಕಟ್ಟುತ್ತದೆ ಎಂಬುದು ಯಾವ ಗೋಪಾಲಕನಿಗೂ ಗೊತ್ತಿದ್ದದ್ದೇ. 1898ರ ಕಾನೂನಿನ ಪ್ರಕಾರ ಕಾರ್ಖಾನೆಗಳಿಂದ ಹಿಂದಿರುಗುವ ಹಾಲನ್ನು ಕಾಯಿಸಿಯೇ ಕರುಗಳಿಗೆ ಕೊಡಬೇಕಾಯಿತು. ಕ್ಷಯದ ವಿರುದ್ಧ ಇದು ನಿಜವಾದ ಗೆಲುವು. ಆದರೆ ತಾಯಿ ಕರುವನ್ನು ಅಗಲಿಸುವುದು ಒಳ್ಳೆಯ ಪಾಲನೆಯ ಲಕ್ಷಣವೆಂಬ ಭಾವನೆ ಬೇರೂರಿದ್ದೂ ಇದೇ ಕಾಲದಲ್ಲಿ. ಗಿಣ್ಣುಹಾಲು ಎಷ್ಟು ಹೊತ್ತಿಗೆ ಕರುವಿಗೆ ಮುಟ್ಟಿತು ಎಂಬುದು ಇನ್ನು ಮುಂದೆ ಕರುವಿನ ಕೈಯಲ್ಲಾಗಲಿ ತಾಯಿಯ ಕೈಯಲ್ಲಾಗಲಿ ಉಳಿಯಲಿಲ್ಲ, ಕೊಟ್ಟಿಗೆಯ ಆಳಿನ ಬಿಡುವಿನ ಮೇಲೆ ನಿಂತಿತು.

ಹುಟ್ಟಿದ ನಾಲ್ಕೈದು ದಿನಗಳಲ್ಲಿ ಬಿಳಿ ಭೇದಿ ಹತ್ತಿ ಕರು ಸಾಯುವುದು ಆಗ ಯುರೋಪಿನ ಹೈನು ಸೀಮೆಗಳ ದೊಡ್ಡ ಸಂಕಟ. ಪಾಶ್ಚರ್ ಮತ್ತು ಕಾಖ್ ಯುಗದ ವಿಜ್ಞಾನಿಗಳು ಸಹಜವಾಗಿಯೇ ಅಪರಾಧಿ ರೋಗಾಣುವನ್ನು ಹುಡುಕಿದರು. 1890ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ಓಲುಫ್ ಯೆನ್ಸೆನ್ ಸತ್ತ ಕರುಗಳಲ್ಲಿ ಕೋಲಿ ಬ್ಯಾಕ್ಟೀರಿಯಾವನ್ನು ಗುರುತಿಸಿದ. 1901ರಲ್ಲಿ ಐರ್ಲೆಂಡಿನ ಸರಕಾರಿ ಕೃಷಿ ಇಲಾಖೆ ಫ್ರಾನ್ಸಿನ ಹೆಸರಾಂತ ಪಶುವೈದ್ಯ ಎಡ್ಮಂಡ್ ನೊಕಾರ್ಡ್‌ನನ್ನು ಲಿಮರಿಕ್ ಸೀಮೆಗೆ ಕರೆಸಿಕೊಂಡಿತು. ರೋಗ ಹೊಕ್ಕುಳಬಳ್ಳಿಯ ಮೂಲಕ ಒಳಹೋಗುತ್ತದೆ, ಹುಟ್ಟಿದ ಕೂಡಲೇ ಹೊಕ್ಕುಳನ್ನು ಕಟ್ಟಿ ಅಯೋಡಿನ್ ಹಚ್ಚಿ ಎಂದ ಆತ. ಅಯೋಡಿನ್ ಸಲಹೆ ಇವತ್ತಿಗೂ ಪಾಲಿಸಬೇಕಾದದ್ದೇ. ಆದರೂ ಬಿಳಿ ಭೇದಿ ನಿಲ್ಲಲಿಲ್ಲ. ಯೆನ್ಸೆನ್ ಕಂಡ ಜೀವಿಯ ವಿಷಯದಲ್ಲಂತೂ ಬಿಡಿಸಲು ಕಷ್ಟವಾದ ಒಂದು ತೊಡಕಿತ್ತು. 1885ರಲ್ಲಿ ಥಿಯೊಡೊರ್ ಎಶರಿಶ್ ಹಾಲು ಕುಡಿಯುವ ಶಿಶುಗಳ ಮಲದಲ್ಲಿ ಮೊದಲು ವರ್ಣಿಸಿದ ಈ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕರುವಿನ ಕರುಳಲ್ಲೂ ಇರುತ್ತದೆ, ತಾಯಿ ಹಸುವಿನ ಕರುಳಲ್ಲೂ ಇರುತ್ತದೆ. ಎಲ್ಲರಲ್ಲೂ ಇರುವವನು ಕೆಲವರನ್ನಷ್ಟೇ ಕೊಲ್ಲುವುದು ಹೇಗೆ?

ಈ ತೊಡಕನ್ನು ಬಿಡಿಸಿದ್ದು ಅಮೆರಿಕದ ಥಿಯೊಬಾಲ್ಡ್ ಸ್ಮಿತ್. ದನಗಳ ಟೆಕ್ಸಾಸ್ ಜ್ವರ ಉಣ್ಣಿಯಿಂದ ಹರಡುತ್ತದೆ ಎಂದು 1893ರಲ್ಲೇ ತೋರಿಸಿ ಹೆಸರಾಗಿದ್ದವನು ಆತ. ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲ್ಲರ್ ಸಂಸ್ಥೆಯ ಪಶುರೋಗ ವಿಭಾಗದಲ್ಲಿ ರಾಲ್ಫ್ ಲಿಟಲ್ ಜೊತೆಗೂಡಿ ಆತ ಮಾಡಿದ ಪ್ರಯೋಗ ಸರಳವಾಗಿತ್ತು. ಒಂದು ಗುಂಪಿನ ಕರುಗಳಿಗೆ ಗಿಣ್ಣುಹಾಲು ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ, ಮಿಕ್ಕೆಲ್ಲ ಪಾಲನೆ ಒಂದೇ. ಗಿಣ್ಣು ಸಿಗದ ಕರುಗಳಲ್ಲಿ ಬಹುಪಾಲು ಸತ್ತವು, ಗಿಣ್ಣು ಕುಡಿದವು ಉಳಿದವು. ಸತ್ತ ಕರುಗಳ ಅಂಗಾಂಗಗಳಲ್ಲಿ ಸಿಕ್ಕಿದ್ದು ಬೇರೆ ಕಾಲದಲ್ಲಾದರೆ ಯಾವ ತೊಂದರೆಯನ್ನೂ ಕೊಡದ ಅದೇ ಕೋಲಿ. ಕರುವಿನ ಸ್ವಂತ ರಕ್ಷಣೆ ಇನ್ನೂ ಎಚ್ಚರಗೊಳ್ಳದ ಮೊದಲ ದಿನಗಳಲ್ಲಿ, ಮುಂದೆ ನಿರುಪದ್ರವಿಯಾಗುವ ಸಾಮಾನ್ಯ ಬ್ಯಾಕ್ಟೀರಿಯಾಗಳಿಂದ ಕಾಪಾಡುವುದೇ ಗಿಣ್ಣುಹಾಲಿನ ಮುಖ್ಯ ಕೆಲಸವೆಂದು ಅವರು 1922ರಲ್ಲಿ ಪ್ರಕಟಿಸಿದರು. ಈ ತೀರ್ಮಾನ ದಿಢೀರನೆ ಬಂದದ್ದಲ್ಲ. ಮೂವತ್ತು ವರ್ಷ ಹಿಂದೆ, 1892ರಲ್ಲಿ, ಜರ್ಮನಿಯ ಪಾಲ್ ಎರ್ಲಿಶ್ ಇಲಿಗಳಲ್ಲಿ ಒಂದು ಜಾಣ ಪ್ರಯೋಗ ಮಾಡಿದ್ದ. ಹರಳುಬೀಜದ ವಿಷವನ್ನು ತಾಳಿಕೊಳ್ಳುವಂತೆ ಪಳಗಿಸಿದ ತಾಯಿ ಇಲಿಯ ಮೊಲೆಗೆ, ಪಳಗಿಸದ ತಾಯಿಯ ಮರಿಗಳನ್ನು ಬಿಟ್ಟ. ಸಾಕುತಾಯಿಯ ಹಾಲು ಕುಡಿದ ಆ ಮರಿಗಳಿಗೂ ವಿಷ ತಾಳುವ ಶಕ್ತಿ ಬಂತು. 1921ರಲ್ಲಿ ಪಾಲ್ ಹೋವ್, ಹುಟ್ಟಿದ ಕರುವಿನ ರಕ್ತದಲ್ಲಿ ಇಲ್ಲದ ಗ್ಲಾಬ್ಯುಲಿನ್‌ಗಳು ಗಿಣ್ಣು ಕುಡಿದ ಮೇಲೆ ಕಾಣಿಸಿಕೊಳ್ಳುವುದನ್ನು ದಾಖಲಿಸಿದ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯ ಮಾಸಿನ ಮೂಲಕ ಗರ್ಭದಲ್ಲೇ ಮಗುವಿಗೆ ಸೇರುತ್ತದೆ. ಹಸುವಿನ ಮಾಸಿನ ಪದರಗಳು ಅದಕ್ಕೆ ದಾರಿ ಬಿಡುವುದಿಲ್ಲ. ಕರು ಹುಟ್ಟುವುದೇ ಬರಿಗೈಯಲ್ಲಿ.

ಸ್ಮಿತ್ ಅಲ್ಲಿಗೆ ನಿಲ್ಲಲಿಲ್ಲ. ಮೇರಿಯನ್ ಆರ್ಕಟ್ ಎಂಬ ವಿಜ್ಞಾನಿಯೊಂದಿಗೆ 1925ರಲ್ಲಿ ಎಳೆಗರುಗಳ ಕರುಳನ್ನು ಮೇಲಿನಿಂದ ಕೆಳಗಿನವರೆಗೆ ತುಂಡು ತುಂಡಾಗಿ ಪರೀಕ್ಷಿಸಿ ಯಾವ ಭಾಗದಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ ಎಂದು ನೋಡಿದ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಕೆಲಸವಿಲ್ಲ. ಆರೋಗ್ಯವಂತ ಕರುವಿನ ದೊಡ್ಡಕರುಳಲ್ಲಿ ಕೋಲಿ ಧಾರಾಳವಾಗಿದ್ದರೂ ಸಣ್ಣಕರುಳಿನ ಮೇಲ್ಭಾಗದಲ್ಲಿ ಅದು ವಿರಳ. ಭೇದಿ ಹತ್ತಿದ ಕರುವಿನಲ್ಲಿ ಅದೇ ಜೀವಿ ಸಣ್ಣಕರುಳನ್ನು ಮೇಲೇರಿ, ಇರಬಾರದ ಜಾಗದಲ್ಲಿ ಲೆಕ್ಕವಿಲ್ಲದಷ್ಟು ಬೆಳೆದಿತ್ತು. ಅಂದರೆ ರೋಗವೆಂಬುದು ಹೊರಗಿನ ಶತ್ರುವಿನ ಪ್ರವೇಶವೇ ಆಗಬೇಕಿಲ್ಲ, ಮನೆಯೊಳಗೇ ಇರುವವರು ತಮ್ಮ ಎಲ್ಲೆ ಮೀರಿದರೂ ಸಾಕು. ಮುಂದಿನ ದಶಕಗಳ ಸಂಶೋಧನೆ ಈ ಚಿತ್ರಕ್ಕೆ ಗಡಿಯಾರವನ್ನು ಜೋಡಿಸಿತು. ಎಳೆಗರುವಿನ ಕರುಳಿನ ಕೋಶಗಳು ಹುಟ್ಟಿದಾಗ ದೊಡ್ಡ ಪ್ರೋಟೀನುಗಳನ್ನು ಇಡಿಯಾಗಿ ಒಳಗೆಳೆದುಕೊಳ್ಳುತ್ತವೆ. ಅವು ದುಗ್ಧರಸನಾಳಗಳ ಮೂಲಕ ರಕ್ತ ಸೇರುತ್ತವೆಂದು 1951ರಲ್ಲಿ ಕಾಮ್‌ಲೈನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ತೋರಿಸಿದರು. ಈ ಬಾಗಿಲು ಗಂಟೆಗಂಟೆಗೂ ಕಿರಿದಾಗುತ್ತ ಸುಮಾರು 24 ಗಂಟೆಗಳಲ್ಲಿ ಮುಚ್ಚುತ್ತದೆಂದು 1979ರಲ್ಲಿ ಸ್ಟಾಟ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ಇತ್ತ ಬ್ಯಾಕ್ಟೀರಿಯಾಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಹೆರಿಗೆಯ ದಾರಿಯಿಂದ, ಹುಲ್ಲಿನಿಂದ, ಸಗಣಿಯಿಂದ, ಮೈ ನೆಕ್ಕುವ ತಾಯಿಯ ನಾಲಿಗೆಯಿಂದ ಹೊರಟು ಕೆಲವೇ ಗಂಟೆಗಳಲ್ಲಿ ಕರುಳಲ್ಲಿ ನೆಲೆಯೂರುತ್ತವೆ. ಮೊದಲು ಬರುವವು ಬಹುಮಟ್ಟಿಗೆ ಕೋಲಿ, ಸ್ಟ್ರೆಪ್ಟೊಕಾಕಸ್‌ನಂಥವೇ. ಗಿಣ್ಣು ತಡವಾದರೆ ಎರಡು ನಷ್ಟ ಒಟ್ಟಿಗೆ ಆಗುತ್ತವೆ: ರಕ್ತಕ್ಕೆ ಸೇರುವ ಪ್ರತಿಕಾಯ ಕಡಿಮೆಯಾಗುತ್ತದೆ, ತೆರೆದ ಕರುಳಿನ ಎದುರು ಕಾವಲಿಲ್ಲದೆ ಬ್ಯಾಕ್ಟೀರಿಯಾ ನಿಂತಿರುತ್ತವೆ.

ಇಷ್ಟು ಗೊತ್ತಾದ ಮೇಲೂ ಕರುಗಳು ಸಾಯುತ್ತಲೇ ಹೋದದ್ದು ಏಕೆ? ಮುಖ್ಯ ಕಾರಣ, ಪ್ರಶ್ನೆಯನ್ನು ಮರೆಸುವಷ್ಟು ಸುಲಭವಾದ ಉತ್ತರವೊಂದು ಕೈಗೆ ಸಿಕ್ಕಿತು. 1950ರ ಸುಮಾರಿಗೆ ಅಮೆರಿಕದ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಕೋಳಿಗಳಲ್ಲಿ ಕಂಡುಕೊಂಡಂತೆ, ಆಹಾರದಲ್ಲಿ ಒಂದಿಷ್ಟು ಆಂಟಿಬಯೋಟಿಕ್ ಬೆರೆಸಿದರೆ ಬೆಳವಣಿಗೆ ಚುರುಕಾಗುತ್ತಿತ್ತು. ಬೇಗನೆ ಕರುಗಳ ಹಾಲಿಗೂ ಅದು ಸೇರಿತು. ಬ್ರಿಟನ್ನಿನಲ್ಲಿ ಆಗ ಹೈನುಗಾರರಿಗೆ ಬೇಡವಾದ ಗಂಡುಕರುಗಳು ಕೆಲವೇ ದಿನದ ಪ್ರಾಯದಲ್ಲಿ ಸಂತೆಗೆ ಬಂದು, ದಲ್ಲಾಳಿಗಳ ಕೈ ದಾಟಿ, ದೂರದ ಸಾಕಣೆ ಕೊಟ್ಟಿಗೆಗಳಿಗೆ ಹೋಗುತ್ತಿದ್ದವು. ಸ್ಕಾಟ್‌ಲೆಂಡಿನಲ್ಲಿ ಕ್ಲೈವ್ ಗೇ ಮತ್ತು ಸಂಗಡಿಗರು 1965ರಲ್ಲಿ ಸಂತೆಗೆ ಬಂದ ಕರುಗಳ ರಕ್ತ ಪರೀಕ್ಷಿಸಿದಾಗ ಗಾಮಾ ಗ್ಲಾಬ್ಯುಲಿನ್ ಕಡಿಮೆ ಇದ್ದವುಗಳಲ್ಲೇ ಸಾವು ಹೆಚ್ಚಿತ್ತು. ಇಂಥ ಕರುಗಳನ್ನು ಒಂದೆಡೆ ತುಂಬಿ ಔಷಧದ ಬಲದಿಂದ ಸಾಕಲು ಹೊರಟಾಗ ಏನಾಯಿತು ಎಂಬುದನ್ನು ಲಂಡನ್ನಿನ ಕಾಲಿಂಡೇಲ್‌ನಲ್ಲಿ ಇ. ಎಸ್. ಆಂಡರ್ಸನ್ ಅದೇ ವರ್ಷಗಳಲ್ಲಿ ಬೆನ್ನುಹತ್ತಿದ. ಹಲವು ಔಷಧಗಳಿಗೆ ಒಮ್ಮೆಲೇ ಬಗ್ಗದ ಸಾಲ್ಮೊನೆಲ್ಲಾ ಕರುಗಳಲ್ಲಿ ಹಬ್ಬಿ ಮನುಷ್ಯರನ್ನೂ ಮುಟ್ಟಿತ್ತು. ಈ ಆತಂಕದಿಂದಲೇ ಬ್ರಿಟನ್ನಿನಲ್ಲಿ ಸ್ವಾನ್ ಸಮಿತಿ ರಚನೆಯಾಗಿ, ಮನುಷ್ಯರ ಚಿಕಿತ್ಸೆಗೆ ಬಳಸುವ ಆಂಟಿಬಯೋಟಿಕ್‌ಗಳನ್ನು ಬೆಳವಣಿಗೆಗಾಗಿ ಮೇವಿಗೆ ಬೆರೆಸಬಾರದೆಂದು 1969ರಲ್ಲಿ ವರದಿ ಕೊಟ್ಟಿತು. ಯುರೋಪಿಯನ್ ಒಕ್ಕೂಟ ಈ ಬಳಕೆಯನ್ನು ಪೂರ್ತಿ ನಿಲ್ಲಿಸಿದ್ದು 2006ರಲ್ಲಿ. ಆಂಟಿಬಯೋಟಿಕ್ ನಿರೋಧದ ಚರಿತ್ರೆ ಬರೆಯುವವರು ಸ್ವಾನ್ ವರದಿಯಿಂದ ಶುರು ಮಾಡುವುದು ರೂಢಿ. ಅದರ ಒಂದು ಬೇರು, ಹೊತ್ತಿಗೆ ಸರಿಯಾಗಿ ಗಿಣ್ಣು ಕಾಣದ ಕರುಗಳ ಸಂತೆಯಲ್ಲಿದೆ ಎಂಬುದನ್ನೂ ಅಲ್ಲಿ ಬರೆಯಬೇಕು.

ರೋಗಾಣು ಹುಡುಕಿದವರ ಶ್ರಮವನ್ನು ಇಷ್ಟು ಕೀಳಾಗಿ ಕಾಣುವುದು ಸರಿಯೇ ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಎಲ್ಲ ಭೇದಿಯೂ ಸಾಮಾನ್ಯ ಕೋಲಿಯಿಂದ ಬರುವುದಿಲ್ಲ. 1969ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮೆಬಸ್ ಕರುಭೇದಿಗೆ ಕಾರಣವಾಗುವ ವೈರಸ್ಸನ್ನು ಗುರುತಿಸಿದ, ಅದನ್ನೇ ಈಗ ರೋಟಾವೈರಸ್ ಎನ್ನುವುದು. ಕೋಲಿಗಳಲ್ಲೂ ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಸ್ರವಿಸುವ ವಿಶೇಷ ತಳಿಗಳಿವೆ. ಮೊದಲ ಹಾಲು ಎಷ್ಟೇ ಬೇಗ ಸಿಕ್ಕಿದರೂ ಇವು ಕಾಡಬಹುದು. ಆದರೆ ಇವುಗಳ ವಿರುದ್ಧ ಕೊನೆಗೆ ಹೂಡಿದ ಉಪಾಯ ಯಾವುದು ನೋಡಿ. ಗಬ್ಬದ ಕೊನೆಯ ವಾರಗಳಲ್ಲಿ ತಾಯಿ ಹಸುವಿಗೆ ಲಸಿಕೆ ಹಾಕುತ್ತಾರೆ. ತಾಯಿಯ ರಕ್ತದಲ್ಲಿ ಬೆಳೆದ ಪ್ರತಿಕಾಯ ಕೆಚ್ಚಲಿಗಿಳಿದು ಗಿಣ್ಣುಹಾಲಿನ ಮೂಲಕ ಕರುವನ್ನು ಸೇರಬೇಕು. ಕರು ಆ ಹಾಲನ್ನು ಕುಡಿಯದಿದ್ದರೆ, ತಡವಾಗಿ ಕುಡಿದರೆ, ಲಸಿಕೆಗೆ ಕೊಟ್ಟ ದುಡ್ಡು ದಂಡ. ನಿರ್ದಿಷ್ಟ ರೋಗಾಣುವಿನ ಬೆನ್ನಟ್ಟಿ ಹೋದ ದಾರಿಯೂ ಮೊದಲ ಹಾಲಿನ ಹೊತ್ತಿಗೇ ಬಂದು ಸೇರಿತು.

ಇನ್ನೊಂದು ಆಕ್ಷೇಪಣೆ ಮನಸ್ಸಿಗೆ ಹತ್ತಿರವಾದದ್ದು: ಇಷ್ಟೆಲ್ಲ ರಗಳೆ ತಾಯಿ ಕರುವನ್ನು ಅಗಲಿಸಿದ್ದರಿಂದ ಬಂತು, ಕರುವನ್ನು ತಾಯಿಯ ಬಳಿ ಬಿಟ್ಟರೆ ಪ್ರಕೃತಿಯೇ ನೋಡಿಕೊಳ್ಳುತ್ತದೆ. ಅರ್ಧ ನಿಜ. ಗ್ಲಾಸ್ಗೋದ ಸೆಲ್ಮನ್ ಮತ್ತು ಸಂಗಡಿಗರು 1970ರ ಸುಮಾರಿಗೆ ತೋರಿಸಿದಂತೆ, ತಾಯಿ ಜೊತೆಗಿದ್ದಾಗ ಕರುವಿನ ಕರುಳು ಪ್ರತಿಕಾಯವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಆದರೆ ಬ್ರಿಟನ್ನಿನ ಎಡ್ವರ್ಡ್ಸ್ ಮತ್ತು ಬ್ರೂಮ್ 1979ರಲ್ಲಿ ಕಂಡಂತೆ, ತಾಯಿಯ ಬಳಿಯೇ ಬಿಟ್ಟ ಹೈನುಕರುಗಳಲ್ಲಿ ಗಣನೀಯ ಪಾಲು ಮೊದಲ ಆರು ಗಂಟೆಗಳಲ್ಲಿ ಮೊಲೆ ಹಿಡಿಯಲೇ ಇಲ್ಲ, ಅದರಲ್ಲೂ ಹಲವು ಸಲ ಈದ ಹಸುಗಳ ಕರುಗಳು. ಹಾಲಿಗಾಗಿ ತಳಿ ಆರಿಸುತ್ತ ಹೋದಂತೆ ಕೆಚ್ಚಲು ಹಿಗ್ಗಿ ಜೋತುಬಿದ್ದಿತ್ತು. ಹುಟ್ಟಿದ ಕರು ಮೊಲೆ ಹುಡುಕುವುದು ತಾಯಿಯ ಹೊಟ್ಟೆಯ ಕೆಳಗೆ ಎತ್ತರದಲ್ಲಿ. ಮೊಲೆ ಇದ್ದದ್ದು ಅದರ ಮೊಣಕಾಲಿನ ಮಟ್ಟದಲ್ಲಿ. ಸಾಲದ್ದಕ್ಕೆ ಅಧಿಕ ಹಾಲು ಕೊಡುವ ಹಸುವಿನ ಗಿಣ್ಣುಹಾಲಿನಲ್ಲಿ ಪ್ರತಿಕಾಯದ ಸಾಂದ್ರತೆ ಕಡಿಮೆಯಾಗುವುದುಂಟು. ಆ ಹಸು ಪ್ರಕೃತಿಯ ಹಸುವಲ್ಲ, ನಾವು ನೂರಾರು ವರ್ಷ ಆರಿಸಿ ಆರಿಸಿ ಮಾಡಿಕೊಂಡದ್ದು. ಅದರ ಕರುವಿಗೆ ಮೊದಲ ಗುಟುಕು ಮುಟ್ಟಿಸುವ ಹೊಣೆಯನ್ನು ಪ್ರಕೃತಿಯ ಮೇಲೆ ಹೊರಿಸಲಾಗದು.

ಇತ್ತೀಚಿನ ಅಧ್ಯಾಯ ಕರುಳಿನ ಬ್ಯಾಕ್ಟೀರಿಯಾಗಳನ್ನು ನೆಂಟರಂತೆ ಕಾಣುವುದು. ಇದಕ್ಕೂ ಹಳೆಯ ಬೇರಿದೆ. ಮೊಲೆಹಾಲು ಕುಡಿಯುವ ಶಿಶುಗಳಲ್ಲಿ ಬಿಫಿಡೋಬ್ಯಾಕ್ಟೀರಿಯಾವನ್ನು ಫ್ರಾನ್ಸಿನ ಆನ್ರಿ ತಿಸ್ಸಿಯೆ 1899ರ ಸುಮಾರಿಗೆ ಗುರುತಿಸಿದ್ದ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡುಕರುಗಳಿಗೆ ಹುಟ್ಟಿದ ಮುಕ್ಕಾಲು ಗಂಟೆಗೆ, 6 ಗಂಟೆಗೆ, 12 ಗಂಟೆಗೆ ಎಂದು ಮೂರು ಬಗೆಯಲ್ಲಿ ಗಿಣ್ಣು ಕೊಟ್ಟರು. ತಡವಾದವುಗಳ ರಕ್ತದಲ್ಲಿ ಪ್ರತಿಕಾಯ ಕಡಿಮೆ ಇದ್ದುದರಲ್ಲಿ ಹೊಸತೇನಿಲ್ಲ. 12 ಗಂಟೆ ತಡವಾದ ಕರುಗಳ ದೊಡ್ಡಕರುಳಿನ ಗೋಡೆಯಲ್ಲಿ ಬಿಫಿಡೋಬ್ಯಾಕ್ಟೀರಿಯಾ, ಲ್ಯಾಕ್ಟೊಬ್ಯಾಸಿಲಸ್‌ಗಳು ಇಳಿಮುಖವಾಗಿ ಕಂಡದ್ದು ಹೊಸತು. ಗಿಣ್ಣುಹಾಲಿನಲ್ಲಿ ಕರು ತಾನು ಅರಗಿಸಿಕೊಳ್ಳಲಾರದ, ಇಂಥ ಬ್ಯಾಕ್ಟೀರಿಯಾಗಳಿಗೆ ಒದಗುವ ಸಕ್ಕರೆಯ ಸರಪಳಿಗಳು ಹೇರಳವಾಗಿವೆ ಎಂಬುದು ಇದಕ್ಕೊಂದು ವಿವರಣೆ. ಇಲ್ಲಿ ಎಚ್ಚರಿಕೆಯೂ ಬೇಕು. ಯಾವ ಬ್ಯಾಕ್ಟೀರಿಯಾ ಹೆಚ್ಚಿದೆ ಎಂದು ಎಣಿಸುವುದು ಒಂದು, ಅದರಿಂದಲೇ ಕರು ಬದುಕಿತು ಎಂದು ಸಾಧಿಸುವುದು ಇನ್ನೊಂದು. ಪುಡಿಗಳಲ್ಲಿ ‘ಒಳ್ಳೆಯ ಬ್ಯಾಕ್ಟೀರಿಯಾ’ ಮಾರುವವರು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಂಬಿಸುತ್ತಾರೆ. ಗಿಣ್ಣಿನ ಹೊತ್ತು ತಪ್ಪಿಸಿ ಆಮೇಲೆ ಪುಡಿ ಕೊಡುವುದು 1950ರ ದಶಕದ ತಪ್ಪನ್ನೇ ಬೇರೆ ಡಬ್ಬಿಯಲ್ಲಿ ಮಾಡಿದಂತೆ.

ಕರ್ನಾಟಕದ ಮಟ್ಟಿಗೆ ಈ ಚರಿತ್ರೆ ತಡವಾಗಿ, ಆದರೆ ನೇರವಾಗಿ ಬಂದು ತಟ್ಟಿತು. ನಾಟಿ ಹಸು ಸಾಮಾನ್ಯವಾಗಿ ಕರು ಮೊಲೆಗೆ ಬಾಯಿ ಇಡದೆ ಹಾಲು ಬಿಡುವುದಿಲ್ಲ. ಹಾಗಾಗಿ ಕರೆಯುವವನಿಗೆ ಕರು ಬೇಕೇ ಬೇಕು, ಅದನ್ನು ಉಳಿಸಿಕೊಳ್ಳುವುದು ಅವನ ಸ್ವಾರ್ಥವೂ ಹೌದು. 1970ರ ದಶಕದಿಂದ ಕೃತಕ ಗರ್ಭಧಾರಣೆಯ ಜೊತೆ ಹರಡಿದ ಮಿಶ್ರತಳಿಯ ಸೀಮೆಹಸುವಿಗೆ ಕರುವಿನ ಹಂಗು ಅಷ್ಟಿಲ್ಲ. ಗಂಡುಕರುವಿಗಂತೂ ಟ್ರ್ಯಾಕ್ಟರ್ ಬಂದ ಊರಿನಲ್ಲಿ ಕೆಲಸವೂ ಇಲ್ಲ. ಆದರೂ ಒಂದು ಅನುಕೂಲ ನಮಗಿದೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಮಾರುವ ಹಾಲಿನಲ್ಲಿ ಗಿಣ್ಣುಹಾಲು ಇರಕೂಡದು. ಸಹಕಾರ ಸಂಘದ ಡೇರಿಗೆ ಅದನ್ನು ಹಾಕುವಂತಿಲ್ಲವಾದ್ದರಿಂದ ಮೊದಲ ದಿನಗಳ ಹಾಲಿನ ಮಟ್ಟಿಗೆ ಕರುವಿಗೆ ಡೇರಿಯ ಪೈಪೋಟಿ ಇಲ್ಲ. ಅಡುಗೆಮನೆಯ ಗಿಣ್ಣಿಗೆ ಕರು ಕುಡಿದು ಮಿಕ್ಕದ್ದು ಧಾರಾಳ ಸಾಕು. ನಿಜವಾದ ಅಡ್ಡಿ ಬೇರೆಡೆ ಇದೆ. ಮಾಸು ಬೀಳುವವರೆಗೂ ಕರುವನ್ನು ಮೊಲೆಗೆ ಬಿಡಬಾರದೆಂಬ ನಂಬಿಕೆ ದೇಶದ ಹಲವು ಕಡೆಯಂತೆ ನಮ್ಮ ಹಳ್ಳಿಗಳಲ್ಲೂ ಗಟ್ಟಿಯಾಗಿದೆ. ಮಾಸು ಬೀಳಲು ಎಂಟು, ಹನ್ನೆರಡು ಗಂಟೆ ಹಿಡಿಯಬಹುದು, ಕೆಲವೊಮ್ಮೆ ಬೀಳುವುದೇ ಇಲ್ಲ. ಕಾಯುತ್ತ ಕುಳಿತ ಅಷ್ಟೂ ಹೊತ್ತು ಕರುಳಿನ ಬಾಗಿಲು ಮುಚ್ಚುತ್ತಿರುತ್ತದೆ. ಕರು ಮೊಲೆ ಚೀಪಿದಾಗ ತಾಯಿಯ ಮಿದುಳಿನಿಂದ ಸ್ರವಿಸುವ ಆಕ್ಸಿಟೋಸಿನ್ ಹಾಲು ಇಳಿಸುವುದರ ಜೊತೆಗೆ ಗರ್ಭಕೋಶವನ್ನೂ ಹಿಂಡುತ್ತದೆ, ಅಂದರೆ ಮಾಸು ಬೀಳಲೂ ನೆರವಾಗುತ್ತದೆ. ಕರು ಹುಟ್ಟಿ ಎದ್ದು ನಿಂತ ಮೊದಲ ಒಂದೆರಡು ಗಂಟೆಯೊಳಗೆ ಕೆಚ್ಚಲು ತೊಳೆದು ಮೊಲೆಗೆ ಬಿಡುವುದು, ತಾನಾಗಿ ಕುಡಿಯದಿದ್ದರೆ ಶುಚಿಯಾದ ಪಾತ್ರೆಗೆ ಕರೆದು ಕುಡಿಸುವುದು, 30 ಕಿಲೋ ತೂಗುವ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲೇ ಒಟ್ಟು ಮೂರು ಲೀಟರಿನಷ್ಟು ಮುಟ್ಟಿಸುವುದು: ಇದಕ್ಕೆ ದುಡ್ಡು ಬೇಡ, ಔಷಧ ಬೇಡ. ಡೇರಿಯ ಪುಸ್ತಕದಲ್ಲಿ ದಿನಕ್ಕೆರಡು ಸಲ ಹಾಲಿನ ಅಳತೆ, ಜಿಡ್ಡಿನ ಅಂಶ ಬರೆದುಕೊಳ್ಳುವ ಸಂಘಗಳು ಕರು ಹುಟ್ಟಿದ ಗಂಟೆ ಮತ್ತು ಅದು ಮೊದಲು ಕುಡಿದ ಗಂಟೆಯನ್ನೂ ಒಂದು ಸಾಲಿನಲ್ಲಿ ಬರೆದಿಡಲು ಶುರು ಮಾಡಿದರೆ, ಎಷ್ಟು ಕರುಗಳು ಭೇದಿಯಿಂದ ಸತ್ತವು, ಅವುಗಳಲ್ಲಿ ಎಷ್ಟು ಮಾಸಿಗಾಗಿ ಕಾದು ಕುಳಿತಿದ್ದವು ಎಂಬ ಲೆಕ್ಕ ಒಂದು ವರ್ಷದೊಳಗೆ ಊರಿನ ಕೈಗೇ ಸಿಗುತ್ತದೆ.